ಉಬ್ಬು-ತಗ್ಗು ನಿಯಮ: ಕೀಲಿನೊಳಗಿನ ಚಲನೆ

ಕೀಲಿನೊಳಗೆ ಮೂಳೆಯ ತುದಿ ಉರುಳುತ್ತದೆ, ಜಾರುತ್ತದೆ, ಇಲ್ಲವೇ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಹೆಚ್ಚಿನ ಚಲನೆಗಳಲ್ಲಿ ಇವು ಬೆರೆತೇ ಇರುತ್ತವೆ.

ನಾರ್ವೆಯ ಫಿಸಿಯೋಥೆರಪಿಸ್ಟ್ ಫ್ರೆಡಿ ಕಾಲ್ಟೆನ್‌ಬಾರ್ನ್ ಹೆಸರಿನೊಂದಿಗೆ ಗುರುತಿಸಲಾಗುವ ನಿಯಮವಿದು: ಚಲಿಸುವ ಮೇಲ್ಮೈ ಉಬ್ಬಾಗಿದ್ದರೆ ಉರುಳುವುದೂ ಜಾರುವುದೂ ವಿರುದ್ಧ ದಿಕ್ಕಿಗೆ, ತಗ್ಗಾಗಿದ್ದರೆ ಒಂದೇ ದಿಕ್ಕಿಗೆ.

ಭುಜವನ್ನು ಚೆನ್ನಾಗಿ ಓದಿಕೊಳ್ಳಿ, ನಿಯಮ ಸ್ಪಷ್ಟವಾಗುವುದು ಇಲ್ಲೇ. ಹ್ಯೂಮರಸ್‌ನ ದುಂಡು ತಲೆ ಸ್ಕ್ಯಾಪುಲಾದ ಆಳವಿಲ್ಲದ ಗ್ಲೀನಾಯ್ಡ್ ಕುಳಿಗೆ ಆತುಕೊಂಡಿರುತ್ತದೆ. ತೋಳನ್ನು ಪಕ್ಕಕ್ಕೆ ಎತ್ತಿದಾಗ ತಲೆ ಮೇಲಕ್ಕೆ ಉರುಳುತ್ತದೆ, ಜೊತೆಗೇ ಕೆಳಕ್ಕೆ ಜಾರುತ್ತದೆ. ಎರಡೂ ಸರಿದೂಗಿ ಅದು ಹೆಚ್ಚುಕಡಿಮೆ ಕುಳಿಯ ನಡುವೆಯೇ ಉಳಿಯುತ್ತದೆ. ಜಾರದಿದ್ದರೆ ಮೇಲಿನ ಅಕ್ರೋಮಿಯಾನ್‌ನತ್ತ ಏರಿ, ನಡುವಿನ ಸ್ನಾಯುರಜ್ಜುವನ್ನು ಒತ್ತುತ್ತದೆ. ತಲೆಯನ್ನು ಹಿಡಿದಿಡುವ ಕೆಲಸ ರೊಟೇಟರ್ ಕಫ್‌ನ 4 ಸ್ನಾಯುಗಳದ್ದು.

ಮಂಡಿಯಲ್ಲಿ ಎಡವುವುದು ಸುಲಭ. ಯಾವ ಮೂಳೆ ಚಲಿಸುತ್ತಿದೆ ಎಂಬುದನ್ನು ಮೊದಲು ನೋಡಿ. ಕುರ್ಚಿಯಲ್ಲಿ ಕೂತು ಕಾಲು ಚಾಚಿದರೆ ಚಲಿಸುವುದು ತಗ್ಗು ಮೇಲ್ಮೈಯ ಟಿಬಿಯಾ: ಉರುಳುವುದು, ಜಾರುವುದು ಎರಡೂ ಮುಂದಕ್ಕೆ. ಕುಕ್ಕರಗಾಲಿನಿಂದ ಎದ್ದರೆ ಚಲಿಸುವುದು ಉಬ್ಬಾದ ಫೀಮರ್: ಮುಂದಕ್ಕೆ ಉರುಳಿ ಹಿಂದಕ್ಕೆ ಜಾರುತ್ತದೆ.

ಹೆಬ್ಬೆರಳಿನ ಬುಡದ್ದು ತಡಿ ಕೀಲು. ಅಲ್ಲಿನ ಪ್ರತಿ ಮೇಲ್ಮೈಯೂ ಒಂದು ದಿಕ್ಕಿನಲ್ಲಿ ಉಬ್ಬು, ಅದಕ್ಕೆ ಅಡ್ಡಲಾಗಿ ತಗ್ಗು. ಹಾಗಾಗಿ ನಿಯಮದ ಎರಡೂ ಭಾಗಗಳು ಅನ್ವಯಿಸುತ್ತವೆ.