ಆನ್‌ಲೈನ್ ಪಾಠ ಮತ್ತು ಲೆಕ್ಕಿಗರ ವಿವೇಚನೆ

ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ತಮ್ಮ ಲೆಕ್ಕಪತ್ರ ವಿಭಾಗದ ನೌಕರರನ್ನು ಸರಕು ಮತ್ತು ಸೇವಾ ತೆರಿಗೆಯ ಆನ್‌ಲೈನ್ ಪಾಠಗಳಿಗೆ ಸೇರಿಸುವುದು ಈಗ ಸಾಮಾನ್ಯವಾಗಿದೆ. ನೌಕರರು ಬಿಡುವಿನ ವೇಳೆಯಲ್ಲಿ ತಮ್ಮದೇ ವೇಗದಲ್ಲಿ ಕಲಿಯುತ್ತಾರೆ, ವ್ಯವಹಾರವೂ ನಿಲ್ಲುವುದಿಲ್ಲ. ಆದರೆ "ಏಕೆ?" ಎಂದು ಮರುಪ್ರಶ್ನಿಸುವ ಅಧ್ಯಾಪಕರು ಅಲ್ಲಿಲ್ಲ. ಪರೀಕ್ಷೆಯೂ ಬಹುಮಟ್ಟಿಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವಂಥದು. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಹೋದ್ಯೋಗಿಗಳು ಕಲಿಕೆಯನ್ನು ಆರು ಹಂತಗಳಾಗಿ ವಿಂಗಡಿಸಿದಾಗ ನೆನಪನ್ನು ಕೆಳಗಿನ ಮೆಟ್ಟಿಲಿನಲ್ಲಿಯೂ, ಮೌಲ್ಯನಿರ್ಣಯವನ್ನು ಮೇಲಿನ ಮೆಟ್ಟಿಲಿನಲ್ಲಿಯೂ ಇರಿಸಿದ್ದರು. ಇಂತಹ ಪರೀಕ್ಷೆಗಳು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಿನಲ್ಲಿಯೇ ನಿಲ್ಲುತ್ತವೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಸಂಸ್ಥೆಯೊಂದು 1,00,000 ರೂ. ಮೌಲ್ಯದ ಕಚ್ಚಾ ಮಾಲು ಖರೀದಿಸಿದೆ, ಶೇ. 18ರಂತೆ ತೆರಿಗೆ 18,000 ರೂ. ಪೂರೈಕೆದಾರರು ಪೂರ್ಣ ಮೊತ್ತಕ್ಕೆ ಒಂದೇ ಬಿಲ್ಲು ನೀಡಿದ್ದಾರೆ, ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಿದೆ. ತಿಂಗಳ ಕೊನೆಗೆ ಗೋದಾಮಿಗೆ ಬಂದಿರುವುದು ಮಾತ್ರ ಅರ್ಧ ಮಾಲು. ಆ ತಿಂಗಳು ಪಡೆಯಬಹುದಾದ ಇನ್‌ಪುಟ್ ತೆರಿಗೆ ಕ್ರೆಡಿಟ್ ಎಷ್ಟು?

"2ಬಿಯಲ್ಲಿದ್ದರೆ ಕ್ರೆಡಿಟ್ ಉಂಟು" ಎಂದು ಕಂಠಪಾಠ ಮಾಡಿದವರು 18,000 ಎನ್ನುತ್ತಾರೆ. ತುಸು ಯೋಚಿಸಿದವರು 9,000 ಎನ್ನುತ್ತಾರೆ. ಎರಡೂ ತಪ್ಪು. ಕೇಂದ್ರ ಜಿಎಸ್‌ಟಿ ಕಾಯಿದೆಯ 16(2)ನೆಯ ಪ್ರಕರಣದ ಮೊದಲ ಪರಂತುಕದಂತೆ, ಒಂದೇ ಬಿಲ್ಲಿನ ಮಾಲು ಕಂತುಗಳಲ್ಲಿ ಬಂದರೆ ಕೊನೆಯ ಕಂತು ತಲುಪಿದ ಮೇಲೆಯೇ ಕ್ರೆಡಿಟ್ ದೊರೆಯುತ್ತದೆ. ಆ ತಿಂಗಳ ಉತ್ತರ ಸೊನ್ನೆ. ಅವಸರದಿಂದ ಪಡೆದು ಬಳಸಿದಲ್ಲಿ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕಾಗುತ್ತದೆ. ಅದನ್ನು ತೆರುವವರು ಮಾಲೀಕರೇ ಹೊರತು ಪಾಠ ಮಾರಿದವರಲ್ಲ.

ಆದ್ದರಿಂದ ಸರಿಯುತ್ತರವನ್ನು ನೋಡುವ ಮೊದಲು ಕಲಿಯುವವರು ತಮ್ಮ ಉತ್ತರವನ್ನೂ ಅದರ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದಿಡಬೇಕು. ಇದೊಂದೇ ನಿಯಮ ಅರ್ಧ ಕೆಲಸ ಮಾಡುತ್ತದೆ. ಊಹೆಯಿಂದ ಆರಿಸಿದವರಿಗೆ ಕಾರಣ ಬರೆಯಲಾಗದು. ಅನಂತರ ಒಂದು ಸಂಗತಿಯನ್ನು ಬದಲಿಸಿ ಮತ್ತೆ ಕೇಳಬೇಕು. ಪ್ರತಿ ಕಂತಿಗೂ ಪ್ರತ್ಯೇಕ ಬಿಲ್ಲು ಬಂದಿದ್ದರೆ? ಇತರ ಷರತ್ತುಗಳು ಪೂರೈಸಿದ್ದಲ್ಲಿ ಮೊದಲ ಕಂತಿನ 9,000 ರೂ. ಲಭ್ಯ. ಬಿಲ್ಲಿನ ದಿನಾಂಕದಿಂದ 180 ದಿನ ಕಳೆದರೂ ಪೂರೈಕೆದಾರರಿಗೆ ಹಣ ಸಂದಾಯವಾಗದಿದ್ದರೆ? ಇಬ್ಬರು ನೌಕರರ ಉತ್ತರ ಬೇರೆಯಾದರೆ ಇನ್ನೂ ಒಳಿತು, ಕಾಯಿದೆಯ ಪುಟ ತೆರೆದು ವಾದಿಸಲಿ.

ಪಾಠದಲ್ಲಿ ಇಂತಹ ಏರ್ಪಾಡು ಇಲ್ಲದಿದ್ದರೆ ಮಾಲೀಕರೇ ವಾರಕ್ಕೊಮ್ಮೆ ತಮ್ಮ ಫೈಲಿನಿಂದ ಒಂದು ಬಿಲ್ಲನ್ನು ತೆಗೆದು ಮುಂದಿಡಬಹುದು. "ಈ ತಿಂಗಳು ಎಷ್ಟು ಕಟ್ಟಬೇಕು?" ಎಂಬುದನ್ನಷ್ಟೇ ಕೇಳುವ ಮಾಲೀಕರ ಬಳಿ ನೌಕರರು ಕಲಿಯುವುದೂ ಅಷ್ಟನ್ನೇ. ಮೇಲಿನ ಉದಾಹರಣೆಗೆ ಬೇಕಾದ ಉತ್ತರ ಗಣಕಯಂತ್ರದ ಪರದೆಯ ಮೇಲಿರಲಿಲ್ಲ. ಗೋದಾಮಿನ ಆವಕ ಪುಸ್ತಕದಲ್ಲಿತ್ತು.