ಡಿಫೆನ್ಸ್‌ಗೆ ದಿನ ಗೊತ್ತಾದ ಮೇಲೆ ಮನೆಯವರಿಗೊಂದು ಕಿವಿಮಾತು

ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲೋ ಕಂಪ್ಯೂಟರ್ ಸೈನ್ಸ್‌ನಲ್ಲೋ ಪಿಎಚ್‌.ಡಿ ಮಾಡುತ್ತಿರುವ ಮಕ್ಕಳ ತಂದೆತಾಯಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಡಿಫೆನ್ಸ್‌ನಲ್ಲಿ ಫೇಲಾದರೆ ಇಷ್ಟು ವರ್ಷದ ಕಷ್ಟ ನೀರಿನಲ್ಲಿ ಹೋಮ ಆಯಿತಲ್ವಾ?’ ಡಿಫೆನ್ಸ್ ಎಂದರೆ ಪ್ರಬಂಧವನ್ನು ಪ್ರಾಧ್ಯಾಪಕರ ಸಮಿತಿಯ ಮುಂದೆ ಮಂಡಿಸಿ ಸಮರ್ಥಿಸಿಕೊಳ್ಳುವ ಕೊನೆಯ ಹಂತ. ಆ ಹಂತಕ್ಕೆ ಬಂದ ಮೇಲೆ ಫೇಲಾಗುವುದು ತೀರಾ ಅಪರೂಪ. ಸಿಇಟಿ, ನೀಟ್ ನೋಡಿದ ಮನೆಗಳಿಗೆ ಇದನ್ನು ನಂಬುವುದು ಕಷ್ಟ. ಅಲ್ಲಿ ಮುಖ ನೋಡದವರು ಪ್ರಶ್ನೆ ತೆಗೆಯುತ್ತಾರೆ, ಮುಖ ನೋಡದವರೇ ಅಂಕ ಹಾಕುತ್ತಾರೆ. ಇಲ್ಲಿ ಸಮಿತಿಯ ಪ್ರಾಧ್ಯಾಪಕರು ಮಗುವಿನ ಕೆಲಸವನ್ನು ಮೊದಲಿನಿಂದ ಬಲ್ಲವರು, ಪ್ರಬಂಧದ ಕರಡನ್ನು ಮುಂಚೆಯೇ ತರಿಸಿಕೊಂಡು ಓದಿದವರು. ಶಿಷ್ಯೆ ಸಿದ್ಧಳಾಗದೆ ಯಾವ ನೃತ್ಯಗುರುವೂ ರಂಗಪ್ರವೇಶಕ್ಕೆ ದಿನ ಇಡುವುದಿಲ್ಲ. ಹೊಣೆಯರಿತ ಗೈಡ್ ಕೂಡ ಅಷ್ಟೇ.

ನಿಜವಾದ ಕಷ್ಟ ಅದಕ್ಕಿಂತ ಮೊದಲೇ ಕಳೆದಿರುತ್ತದೆ. ಅಮೆರಿಕದ ಬರ್ಕ್‌ಲಿಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ (ಇಇಸಿಎಸ್) ವಿಭಾಗವನ್ನೇ ತೆಗೆದುಕೊಳ್ಳಿ. ಮೊದಲು ಪ್ರಿಲಿಮ್, ಆಮೇಲೆ ಕ್ವಾಲಿಫೈಯಿಂಗ್ ಪರೀಕ್ಷೆ. ನಾಲ್ಕು ಜನ ಪ್ರಾಧ್ಯಾಪಕರ ಎದುರು ‘ನಾನು ಇಂಥ ಸಮಸ್ಯೆಯನ್ನು ಹೀಗೆ ಬಿಡಿಸುತ್ತೇನೆ’ ಎಂದು ನಿಂತು ವಾದಿಸಬೇಕಾದದ್ದು ಅಲ್ಲಿ. ಕೊನೆಯಲ್ಲಿ ಬರುವ ಡಿಸರ್ಟೇಷನ್ ಟಾಕ್, ಮಾಡಿ ಮುಗಿಸಿದ ಕೆಲಸವನ್ನು ಹತ್ತು ಜನರ ಮುಂದೆ ಇಡುವ ಉಪನ್ಯಾಸ. ನಡುವಿನ ವರ್ಷಗಳು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಚಿಪ್ ವಿನ್ಯಾಸ ಮಾಡುವ ವಿದ್ಯಾರ್ಥಿ ತನ್ನ ನಕ್ಷೆಯನ್ನು ಕಾರ್ಖಾನೆಗೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಾನೆ. ಬಂದ ಚಿಪ್ ಕೆಲಸ ಮಾಡದಿದ್ದರೆ ತಪ್ಪು ಹುಡುಕಿ, ತಿದ್ದಿ, ಮತ್ತೆ ಕಳಿಸಿ, ಮತ್ತೆ ಕಾಯಬೇಕು. ಒಂದು ವರ್ಷ ಹಾಗೇ ಹೋಗುತ್ತದೆ. ಅದು ಮಗನ ಸೋಮಾರಿತನವಲ್ಲ. ‘ಪಕ್ಕದ ಮನೆಯವನು ಎರಡೇ ವರ್ಷಕ್ಕೆ ಎಂಎಸ್ ಮುಗಿಸಿ ಕೆಲಸಕ್ಕೆ ಸೇರಿದ’ ಎಂಬ ಮಾತನ್ನು ದಯವಿಟ್ಟು ಆಗ ಆಡಬೇಡಿ. ಕೋರ್ಸುಗಳನ್ನಷ್ಟೇ ಓದಿ ಪಡೆಯುವ ಎಂಎಸ್‌ನಲ್ಲಿ ಸಾಮಾನ್ಯವಾಗಿ ಪ್ರಬಂಧವೂ ಇರುವುದಿಲ್ಲ, ಡಿಫೆನ್ಸೂ ಇರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಅಮೆರಿಕದ ಹೆಚ್ಚಿನ ವಿಭಾಗಗಳಲ್ಲಿ ಡಿಫೆನ್ಸ್ ದಿನ ನಡೆಯುವುದಿಷ್ಟು. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಎಲ್ಲರಿಗೂ ತೆರೆದ ಉಪನ್ಯಾಸ, ಸಭಿಕರ ಪ್ರಶ್ನೆ. ಬಳಿಕ ಸಭಿಕರನ್ನು ಕಳಿಸಿ ಸಮಿತಿಯವರಷ್ಟೇ ಕೂತು ವಿದ್ಯಾರ್ಥಿಗೆ ಪ್ರಶ್ನೆ ಕೇಳುತ್ತಾರೆ. ಆಮೇಲೆ ವಿದ್ಯಾರ್ಥಿಯನ್ನೂ ಹೊರಗೆ ಕೂರಿಸಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ಕರೆಯುತ್ತಾರೆ.

ಆ ಪ್ರಶ್ನೆಗಳು ಹೇಗಿರುತ್ತವೆ ಎಂದು ತಿಳಿದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ನಾನು ಕೂತ ಸಮಿತಿಗಳಲ್ಲಿ ಬಾಯಿಪಾಠದ ಪ್ರಶ್ನೆ ಯಾರೂ ಕೇಳುವುದಿಲ್ಲ. ಪರೀಕ್ಷಕರು ಒಂದು ಗ್ರಾಫ್ ತೆರೆದು, ‘ಈ ಲಂಬ ಅಕ್ಷ ಸೊನ್ನೆಯಿಂದ ಶುರುವಾಗದೆ 0.8ರಿಂದ ಯಾಕೆ ಶುರುವಾಗಿದೆ?’ ಎನ್ನುತ್ತಾರೆ. ಸೊನ್ನೆಯಿಂದ ಬರೆದರೆ ಆಕಾಶ–ಭೂಮಿಯಂತೆ ಕಾಣುವ ಆ ವ್ಯತ್ಯಾಸ ಕೂದಲೆಳೆಯಷ್ಟೇ ಎಂದು ಇಬ್ಬರಿಗೂ ಗೊತ್ತು. ‘ನಿಮ್ಮ ಮಾಡೆಲ್ಲನ್ನು ವಾರಗಟ್ಟಲೆ ಟ್ಯೂನ್ ಮಾಡಿದಿರಿ, ಹೋಲಿಕೆಗೆ ಇಟ್ಟ ಹಳೆಯ ಮಾಡೆಲ್ಲಿಗೂ ಅಷ್ಟೇ ಸಮಯ ಕೊಟ್ಟಿರಾ?’ ‘ಎಷ್ಟು ಚಿಪ್ ಅಳೆದು ನೋಡಿದಿರಿ, ಯಾವ ಉಷ್ಣಾಂಶದಲ್ಲಿ?’ ಇಂಥ ಪ್ರಶ್ನೆಗೆ ‘ಒಂದೇ ಚಿಪ್ ಅಳೆದಿದ್ದೇನೆ, ಆದ್ದರಿಂದ ಇಷ್ಟೇ ಹೇಳಬಲ್ಲೆ, ಇದಕ್ಕಿಂತ ಹೆಚ್ಚು ಹೇಳಲಾರೆ’ ಎಂಬ ಉತ್ತರ ಬಂದರೆ ಸಮಿತಿಗೆ ಸಮಾಧಾನ. ಗೊತ್ತಿಲ್ಲ ಎಂದರೆ ಅಂಕ ಹೋಗುತ್ತದೆ ಎಂದು ನಾವು ಮಕ್ಕಳಿಗೆ ಒಂದನೇ ಕ್ಲಾಸಿನಿಂದ ಕಲಿಸಿದ್ದೇವೆ. ತನ್ನ ಕೆಲಸದ ಎಲ್ಲೆ ಎಲ್ಲಿದೆ ಎಂದು ಧೈರ್ಯವಾಗಿ ಹೇಳುವವರನ್ನೇ ಇಲ್ಲಿ ಸಂಶೋಧಕರೆಂದು ಒಪ್ಪುವುದು.

ಅಂದು ಸಂಜೆ ಫೋನಿನಲ್ಲಿ ‘ಪಾಸಾಯ್ತು, ಆದರೆ ತಿದ್ದುಪಡಿ ಹೇಳಿದ್ದಾರೆ’ ಎಂದರೆ ಗಾಬರಿಯಾಗಬೇಡಿ. ತಿದ್ದುಪಡಿ ಇಲ್ಲದ ಡಿಫೆನ್ಸೇ ವಿರಳ. ಒಂದು ಅಧ್ಯಾಯ ಮತ್ತೆ ಬರೆಯಬೇಕಾದೀತು, ಒಂದು ಪ್ರಯೋಗ ಸೇರಿಸಬೇಕಾದೀತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಇದೇ ವಿಷಯಗಳಲ್ಲಿ ಓದುವವರ ದಾರಿ ಬೇರೆ. ಅಲ್ಲಿ ಮೊದಲು ಕೊಲೊಕ್ವಿಯಮ್ ಎಂಬ ತೆರೆದ ಉಪನ್ಯಾಸ, ನಂತರ ಪ್ರಬಂಧ ಸಲ್ಲಿಕೆ. ಸಂಸ್ಥೆಯ ಹೊರಗಿನ ಪರೀಕ್ಷಕರು ಅದನ್ನು ಓದಿ ವರದಿ ಕಳಿಸಿದ ಮೇಲೆಯೇ ವೈವಾ. ‘ಥೀಸಿಸ್ ಸಬ್ಮಿಟ್ ಮಾಡಿದೆ’ ಎಂದ ಮಗಳು ತಿಂಗಳುಗಳಾದರೂ ಡಾಕ್ಟರ್ ಆಗಲಿಲ್ಲವೇಕೆ ಎಂದು ನೆಂಟರು ಕೇಳುತ್ತಾರೆ. ಎಲ್ಲೋ ಒಬ್ಬ ಪರೀಕ್ಷಕರು ವರದಿ ಬರೆಯಬೇಕಿರುತ್ತದೆ, ಅಷ್ಟೇ. ಅವಳ ಕೈಯಲ್ಲಿ ಆಗ ಏನೂ ಇರುವುದಿಲ್ಲ. ನೆಂಟರಿಗೆ ಉತ್ತರ ಕೊಡುವ ಕೆಲಸವನ್ನಾದರೂ ನೀವು ವಹಿಸಿಕೊಳ್ಳಿ.

‘ಇಷ್ಟು ವರ್ಷ ಓದಿ ಇಷ್ಟು ಸಣ್ಣ ವಿಷಯವಾ?’ ಎಂಬ ಮಾತೂ ನನ್ನ ಕಿವಿಗೆ ಬಿದ್ದಿದೆ. ನೋವಾಗುತ್ತದೆ. ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿ 1937ರಲ್ಲಿ, 21ರ ವಯಸ್ಸಿನಲ್ಲಿ ಎಂಐಟಿಗೆ ಬರೆದುಕೊಟ್ಟ ಸ್ನಾತಕೋತ್ತರ ಪ್ರಬಂಧದ ವಿಷಯ ರಿಲೇ ಮತ್ತು ಸ್ವಿಚ್ ಸರ್ಕ್ಯೂಟುಗಳು. ಆಗಿನ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಟಕಟಕ ಎನ್ನುತ್ತಿದ್ದ ಸಾಧನ ರಿಲೇ. ಅದರ ಜೋಡಣೆಯನ್ನು ಗಣಿತಜ್ಞ ಬೂಲ್‌ನ ತರ್ಕದ ಬೀಜಗಣಿತದಿಂದ ಲೆಕ್ಕಹಾಕಬಹುದು ಎಂದು ಅವರು ತೋರಿಸಿದರು. ಇವತ್ತು ನಿಮ್ಮ ಫೋನಿನೊಳಗಿನ ಚಿಪ್ಪನ್ನು ವಿನ್ಯಾಸ ಮಾಡುವುದು ಅದೇ ತರ್ಕದ ಮೇಲೆ. ಎಲ್ಲ ಪ್ರಬಂಧಕ್ಕೂ ಈ ಭಾಗ್ಯ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಶೀರ್ಷಿಕೆ ಕೇಳಿ ಕೆಲಸದ ತೂಕ ಹೇಳಲಾಗದು.

ಅಮೆರಿಕದಲ್ಲಿರುವವರಿಗೆ ವೀಸಾದ ಲೆಕ್ಕವೂ ಇದೆ. ಎಫ್-1 ವೀಸಾದವರು ಒಪಿಟಿ ಎಂಬ ಕೆಲಸದ ಅನುಮತಿಗೆ ಕೋರ್ಸ್ ಮುಗಿಯುವ ದಿನಾಂಕಕ್ಕೆ 90 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಮುಗಿದ 60 ದಿನದೊಳಗೆ ಹಾಕಲೇಬೇಕು. ಹಾಗಾಗಿ ಡಿಫೆನ್ಸ್ ಮುಂದೂಡಿದರೂ ಹಿಂದೂಡಿದರೂ ಅರ್ಜಿ, ಬಾಡಿಗೆ ಮನೆ, ಕೆಲಸ ಸೇರುವ ದಿನ ಎಲ್ಲವೂ ಅಲುಗಾಡುತ್ತವೆ. ಮಗ ಫೋನಿನಲ್ಲಿ ಸಿಡುಕಿದರೆ ಕಾರಣ ಬಹಳ ಸಲ ಇದೇ. ಪರಿಹಾರ ಸೂಚಿಸಲು ಹೋಗಬೇಡಿ. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ ಇರುವುದು ಅದಕ್ಕೇ. ಆದರೆ ಸಿಡುಕು ನಿಂತು ಮೌನ ಶುರುವಾದರೆ, ಊಟ ನಿದ್ದೆ ಬಿಟ್ಟಿದ್ದಾನೆ ಅನ್ನಿಸಿದರೆ, ತಡಮಾಡದೆ ಕೇಳಿ. ವಿಶ್ವವಿದ್ಯಾಲಯದ ಆಪ್ತಸಲಹೆಗಾರರನ್ನು ಕಾಣಲು ಹೇಳಿ. ಡಿಗ್ರಿ ಒಂದು ಸೆಮಿಸ್ಟರ್ ತಡವಾದರೆ ಏನೂ ಮುಳುಗುವುದಿಲ್ಲ.

ಜೂಮ್ ಲಿಂಕ್ ಕಳಿಸಿದರೆ ಸೇರಿಕೊಳ್ಳಿ. ಕ್ಯಾಲಿಫೋರ್ನಿಯಾದ ಬೇಸಿಗೆಯ ಮಧ್ಯಾಹ್ನ ಎರಡು ಗಂಟೆ ಎಂದರೆ ನಮಗೆ ರಾತ್ರಿ ಎರಡೂವರೆ. ಅಲಾರಂ ಇಟ್ಟುಕೊಳ್ಳಿ, ಮೈಕ್ ಆಫ್ ಮಾಡಿಕೊಳ್ಳಿ. ಅರ್ಥವಾಗದಿದ್ದರೂ ಪರವಾಗಿಲ್ಲ. ಕರೆಯದಿದ್ದರೆ ಬೇಸರಿಸಬೇಡಿ, ಮನೆಯವರ ಮುಖ ಕಂಡರೆ ಕೆಲವರಿಗೆ ಮಾತು ತಡವರಿಸುತ್ತದೆ. ಪ್ರಬಂಧ ಹೇಗೂ ಸಿಗುತ್ತದೆ: ಬರ್ಕ್‌ಲಿ, ಎಂಐಟಿ, ಐಐಎಸ್‌ಸಿ ಮೂರೂ ತಮ್ಮ ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಇಡುತ್ತವೆ. ಮೊದಲು ಕೃತಜ್ಞತೆಯ ಪುಟ ಓದಿ, ಆಮೇಲೆ ಸಾರಾಂಶ. ಓದಿ ಅರ್ಥವಾಗದ್ದನ್ನು ಮಗಳನ್ನೇ ಕೇಳಿ. ಸಂಬಳದ ಪ್ರಶ್ನೆ ಇನ್ನೊಂದು ದಿನಕ್ಕಿರಲಿ.

ಮದುವೆಯ ಮುಹೂರ್ತವನ್ನೋ ಗೃಹಪ್ರವೇಶವನ್ನೋ ಡಿಫೆನ್ಸ್‌ನ ಮರುವಾರಕ್ಕೆ ಇಡಬೇಡಿ. ತಿದ್ದುಪಡಿ ಮುಗಿದು, ಸಮಿತಿ ಸಹಿ ಹಾಕಿ, ವಿಶ್ವವಿದ್ಯಾಲಯ ಅಂತಿಮ ಪ್ರತಿಯನ್ನು ಸ್ವೀಕರಿಸಿದೆ ಎಂದು ಮಕ್ಕಳೇ ಹೇಳಿದ ಮೇಲೆ ಛತ್ರಕ್ಕೆ ಮುಂಗಡ ಕೊಡಿ.