ಬೀರುವಿನ ಸೀರೆ, ಮಗ್ಗದ ಸೀರೆ: ವಿಮೆ ಯಾವುದಕ್ಕೆ?

ದೊಡ್ಡಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಒಂದು ಕಡೆ ವಿದ್ಯುತ್ ಮಗ್ಗ, ಇನ್ನೊಂದು ಕಡೆ ಸಂಸಾರ. ಬೀರುವಿನಲ್ಲಿ ಅಮ್ಮನ ಧಾರೆ ಸೀರೆ, ಮಗ್ಗದ ಮೇಲೆ ಮಾರೋ ಸೀರೆ. ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಎರಡೂ ಸುಟ್ಟುಹೋದರೆ?

ಧಾರೆ ಸೀರೆಗೆ ಅಂತ ಬೇರೆ ಪಾಲಿಸಿ ಬೇಕಿಲ್ಲ. 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ವಿಮೆ ಇದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆ ಸಾಮಾನಿಗೂ ತಾನಾಗೇ ಸಿಗುತ್ತೆ. ಬಟ್ಟೆಯೂ ಸಾಮಾನೇ. ಕಟ್ಟಡಕ್ಕೆ 30 ಲಕ್ಷ ಇದ್ದರೆ ಸಾಮಾನಿಗೆ 6 ಲಕ್ಷ. ಬೆಂಕಿ, ನೆರೆ, ನೀರಿನ ಟ್ಯಾಂಕ್ ಒಡೆಯೋದು ಇದರಲ್ಲಿ ಬರುತ್ತೆ. ಮಾಮೂಲಿ ಕಳ್ಳತನ ಬರಲ್ಲ, ಅದಕ್ಕೆ ಬೇರೆ ಪಾಲಿಸಿ. ಹಳೇದಾಗಿ ಮಡಿಕೆಯಲ್ಲಿ ಸೀಳಿದ್ದಕ್ಕೂ ದುಡ್ಡಿಲ್ಲ.

ಮಗ್ಗದ ಸೀರೆ ಮಾತ್ರ ವ್ಯಾಪಾರದ ಸರಕು. ಅದಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಬೇಕು. ಮನೆಯಲ್ಲೇ ಮಗ್ಗ ಇದೆ ಅನ್ನೋದನ್ನ ಅರ್ಜಿಯಲ್ಲೇ ಬರೆಸಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಕರಾರು ಗ್ಯಾರಂಟಿ.

ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ: ಸೀರೆ, ಬಿಲ್, ಸಿಲ್ಕ್ ಮಾರ್ಕ್ ಲೇಬಲ್ ಮೂರರ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಇಡಿ. ಬಿಲ್ಲೂ ಅದೇ ಬೀರುವಿನಲ್ಲಿದ್ದರೆ ಸೀರೆ ಜೊತೆ ಸಾಕ್ಷಿಯೂ ಸುಟ್ಟಹಾಗೆ.